ಗೆಳೆಯರ ಜೊತೆ ಕೆಫೆ ಊಟ: ಬಿಲ್ಲನ್ನು ಸಮನಾಗಿ ಹಂಚಲೇಬೇಕೇ? ಸೇವಾ ಶುಲ್ಕ ಕೊಡಲೇಬೇಕೇ?

ಸೇಡಂ ರಸ್ತೆ
ಎಲ್ಲರಿಗೂ ನಮಸ್ಕಾರ. ಕಲಬುರಗಿಯವರ ಸಲಹೆ ಬೇಕಾಗಿದೆ. ಬೀದರ್, ಯಾದಗಿರಿಯವರೂ ಹೇಳಬಹುದು.

ಪಿಯುಸಿಯಿಂದ ಜೊತೆಗಿರುವ ಆರು ಜನರ ಗುಂಪು ನಮ್ಮದು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಹೈದರಾಬಾದಿನಲ್ಲಿ ನೌಕರಿಗಿದ್ದಾರೆ. ಉಳಿದವರು ಊರಲ್ಲೇ ಇದ್ದೇವೆ. ಹಬ್ಬಕ್ಕೆ ಎಲ್ಲರೂ ಬಂದಾಗ ಒಂದು ಸಂಜೆ ಹೊರಗೆ ತಿನ್ನುವುದು ರೂಢಿ. ಮೊದಲೆಲ್ಲ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ, ಸೂಸಲಾ, ಮೇಲೊಂದು ಚಹಾ. ಅಷ್ಟಕ್ಕೇ ಮುಗಿಯುತ್ತಿತ್ತು. ಈ ಸಲ ರಿಂಗ್ ರಸ್ತೆಯಲ್ಲಿ ಹೊಸದಾಗಿ ಶುರುವಾದ ಒಂದು ಕೆಫೆಗೆ ಹೋದೆವು. ಬೋರ್ಡಿನಲ್ಲಿ ಬಿಸ್ಟ್ರೋ ಎಂದಿದೆ. ಜಾಗ ಚೆನ್ನಾಗಿದೆ, ಅಡುಗೆಯೂ ಚೆನ್ನಾಗಿತ್ತು. ತಕರಾರು ಅದರದ್ದಲ್ಲ.

ಎರಡು ಸಿಜ್ಲರ್, ಎರಡು ಪಿಜ್ಜಾ, ಎರಡು ಪಾಸ್ತಾ, ಒಂದು ದೊಡ್ಡ ತಟ್ಟೆ ಫ್ರೈಸ್, ಐದು ಮಾಕ್‌ಟೇಲ್. ನಮ್ಮಲ್ಲಿ ಒಬ್ಬ ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅವನು ಮೆನುವನ್ನು ಬಲಗಡೆಯಿಂದ ಓದಿದ. 140 ರೂಪಾಯಿಯ ಸೂಪು, 80 ರೂಪಾಯಿಯ ನಿಂಬೆ ಸೋಡಾ ಹೇಳಿ, 'ಹಸಿವಿಲ್ಲ' ಎಂದ. ಬಿಲ್ 3,465 ಬಂತು. ಬೆಂಗಳೂರಿನವನು ಮೊಬೈಲ್ ತೆಗೆದು, 'ತಲಾ 577, ನನಗೆ ಹಾಕಿಬಿಡಿ' ಎಂದ. ಎಲ್ಲರೂ ಹಾಕಿದರು. ಉಪನ್ಯಾಸಕನೂ ಹಾಕಿದ. ಅದಾದ ಮೇಲೆ ಎರಡು ಸಲ ಕರೆದರೂ ಅವನು ಬರಲಿಲ್ಲ. ಮೌಲ್ಯಮಾಪನವಿದೆ ಎನ್ನುತ್ತಾನೆ. ಈಗ ಯಾವ ಮೌಲ್ಯಮಾಪನವೂ ನಡೆಯುತ್ತಿಲ್ಲ.

ಇದು ಮೊದಲನೆಯ ವಿಷಯ. ಎರಡನೆಯದು, ಆ ಬಿಲ್ಲಿನಲ್ಲಿ ಶೇಕಡ 10ರಷ್ಟು ಸೇವಾ ಶುಲ್ಕ ಸೇರಿತ್ತು. ತೆಗೆಯಿರಿ ಎಂದರೆ ಕೌಂಟರಿನ ಹುಡುಗ, 'ಸಿಸ್ಟಂನಲ್ಲೇ ಬರುತ್ತದೆ ಸರ್' ಎಂದ. ಕೊಡಲೇಬೇಕೇ?

ಆಳಂದ ನಾಕಾ
ಆರು ಜನ ಕೂತು ತಿಂದ ಮೇಲೆ ಆರು ಪಾಲು. ಗೆಳೆಯರ ನಡುವೆ ಕ್ಯಾಲ್ಕುಲೇಟರ್ ಬರಬಾರದು.

ಬ್ರಹ್ಮಪುರದ ಹುಡುಗಿ
@ಆಳಂದ ನಾಕಾ ಅಣ್ಣಾ, ಕ್ಯಾಲ್ಕುಲೇಟರ್ ಆಗಲೇ ಬಂದಿದೆಯಲ್ಲ. 3,465ನ್ನು ಆರರಿಂದ ಭಾಗಿಸಿದ್ದು ಕ್ಯಾಲ್ಕುಲೇಟರೇ. ಅದು ಸಿಜ್ಲರ್ ತಿಂದವರ ಕಡೆಗೆ ಲೆಕ್ಕ ಮಾಡಿತು, ಅಷ್ಟೇ.

ನ್ಯಾಯ ಕೇಳುವವ
ಸೇವಾ ಶುಲ್ಕದ ವಿಷಯ ಮೊದಲು ಮುಗಿಸೋಣ, ಏಕೆಂದರೆ ಅದಕ್ಕೆ ಸ್ಪಷ್ಟ ಉತ್ತರವಿದೆ. ನಾನು ಇಲ್ಲಿಯೇ ವಕೀಲಿ ಮಾಡುತ್ತೇನೆ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ. ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಹೋಟೆಲ್ ಮಾಲೀಕರ ಸಂಘಗಳು ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಅವರ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ನಿಮ್ಮ ಬಿಲ್ಲನ್ನೇ ನೋಡಿ. ಊಟದ ಮೊತ್ತ 3,000 ಇರಬೇಕು. ಅದಕ್ಕೆ 300 ಸೇವಾ ಶುಲ್ಕ, ಒಟ್ಟು 3,300ರ ಮೇಲೆ ಶೇಕಡ 5ರಂತೆ 165 ತೆರಿಗೆ. ಹಾಗಾಗಿ 3,465. ಸರಿಯಾಗಿ ಆಗಬೇಕಿದ್ದದ್ದು 3,150. ಅಂದರೆ ಸೇವಾ ಶುಲ್ಕಕ್ಕೂ ತೆರಿಗೆ ಕಟ್ಟಿದ್ದೀರಿ.

ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾಧಿಕಾರಿಗೂ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಬಿಲ್ಲಿನ ಫೋಟೊ ಇಟ್ಟುಕೊಳ್ಳಿ. ಆ ಕಾಗದದ ಮೇಲಿನ ಅಕ್ಷರ ಬಿಸಿಲಿಗೆ ಬೇಗ ಮಾಸುತ್ತದೆ.

ಸೇಡಂ ರಸ್ತೆ
@ನ್ಯಾಯ ಕೇಳುವವ ಸರ್, ಊಟದ ಮೊತ್ತ 3,000ವೇ. ಬಹಳ ಉಪಕಾರವಾಯಿತು.

ಚೌಬಾರಾ ಬೀದರ್
300 ರೂಪಾಯಿಗೆ ಕೋರ್ಟು, ಕಚೇರಿ ಅಲೆಯುವವರು ಯಾರು?

ನ್ಯಾಯ ಕೇಳುವವ
ಅಲೆಯುವ ಅಗತ್ಯವಿಲ್ಲ. 1915ಕ್ಕೆ ಕರೆ ಮಾಡುತ್ತೇನೆ ಎಂದು ಕೌಂಟರಿನಲ್ಲಿ ಗಟ್ಟಿಯಾಗಿ, ಮರ್ಯಾದೆಯಿಂದ ಹೇಳಿದರೂ ಬಹಳ ಕಡೆ ತೆಗೆದುಬಿಡುತ್ತಾರೆ. ಹುಡುಗನ ಮೇಲೆ ಕೂಗಾಡಬೇಡಿ. ಮ್ಯಾನೇಜರನ್ನು ಕರೆಸಿ.

ಟ್ರೇ ಹಿಡಿದವನು
ಹುಡುಗನ ಮಾತು ಬಂದದ್ದಕ್ಕೆ ಹೇಳುತ್ತಿದ್ದೇನೆ. ನಾನು ಹೈದರಾಬಾದಿನಲ್ಲಿ ಕೆಲಸ ಮಾಡಿ ಈಗ ಕಲಬುರಗಿಯ ಒಂದು ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ ಆಗಿದ್ದೇನೆ. ಸೇವಾ ಶುಲ್ಕ ನಮಗೆ ಬರುತ್ತದೆ ಎಂದು ಗಿರಾಕಿಗಳು ತಿಳಿದಿರುತ್ತಾರೆ. ಕೆಲವು ಕಡೆ ಹಂಚುತ್ತಾರೆ. ನಾನು ಹಿಂದೆ ಇದ್ದ ಕಡೆ ಒಂದು ಪೈಸೆಯೂ ಕೈಗೆ ಬರಲಿಲ್ಲ. ಅದು ಬಿಲ್ಲಿನಲ್ಲಿದ್ದರೆ ಗಿರಾಕಿ ಟಿಪ್ಸ್ ಕೊಡುವುದಿಲ್ಲ, ಕೊಟ್ಟಾಗಿದೆಯಲ್ಲ ಎಂದುಕೊಳ್ಳುತ್ತಾರೆ. ನಮಗೆ ಎರಡೂ ಕಡೆಯಿಂದ ನಷ್ಟ.

ಬಿಲ್ ಹಂಚುವ ವಿಷಯಕ್ಕೂ ಒಂದು ಮಾತು. ಕೂತ ತಕ್ಷಣ, ಆರ್ಡರ್ ಹೇಳುವ ಮೊದಲೇ, 'ಇವರದು ಬೇರೆ, ನಮ್ಮದು ಬೇರೆ' ಎಂದು ಹೇಳಿಬಿಡಿ. ನಾವು ಎರಡು ಕೆಒಟಿ (ಅಡುಗೆಮನೆಗೆ ಕಳಿಸುವ ಆರ್ಡರ್ ಚೀಟಿ) ಮಾಡುತ್ತೇವೆ, ಎರಡು ಬಿಲ್ ಬರುತ್ತದೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಿಲ್ ಮುದ್ರಣವಾದ ಮೇಲೆ ಒಡೆಯಿರಿ ಎಂದರೆ ರದ್ದು ಮಾಡಿಸಬೇಕು, ಅದಕ್ಕೆ ಮ್ಯಾನೇಜರ್ ಬರಬೇಕು, ಅಷ್ಟರಲ್ಲಿ ಹಿಂದಿನ ಟೇಬಲಿನವರು ನೀರು ಕೇಳುತ್ತಿರುತ್ತಾರೆ.

ಬ್ರಹ್ಮಪುರದ ಹುಡುಗಿ
ಆದರೆ ಅಣ್ಣಾ, ಆರು ಜನರಲ್ಲಿ ಒಬ್ಬನದನ್ನು ಮಾತ್ರ ಬೇರೆ ಮಾಡಿ ಎಂದರೆ ಅವನಿಗೆ ಇನ್ನಷ್ಟು ನೋವಾಗುವುದಿಲ್ಲವೇ?

ಟ್ರೇ ಹಿಡಿದವನು
ಹಾಗಾದರೆ ಆರೂ ಬೇರೆ ಮಾಡಿಸಿ. ಆರು ಬಿಲ್ ಕೊಡುವುದು ನಮಗೆ ಕಷ್ಟವಲ್ಲ ತಂಗಿ. ಮೊದಲು ಹೇಳಬೇಕು, ಅಷ್ಟೇ.

ಶಹಾಬಾದ್ ಕಲ್ಲು
ಲೆಕ್ಕ ನೋಡೋಣ. ಉಪನ್ಯಾಸಕರು ತೆಗೆದುಕೊಂಡದ್ದು 220. ತೆರಿಗೆ ಸೇರಿ 231. ಕೊಟ್ಟದ್ದು 577. ಅಂದರೆ ಬೇರೆಯವರ ಊಟಕ್ಕೆ 346 ರೂಪಾಯಿ ಕೊಟ್ಟು ಎದ್ದು ಬಂದಿದ್ದಾರೆ.

ಜೇವರ್ಗಿ ಕ್ರಾಸ್
@ಶಹಾಬಾದ್ ಕಲ್ಲು ಪಿಜ್ಜಾ, ಫ್ರೈಸ್ ನಡುವೆ ಇಟ್ಟು ತಿಂದಿರುತ್ತಾರಲ್ಲ? ಅವರೂ ಒಂದು ತುಂಡು ತೆಗೆದುಕೊಂಡಿರಬಹುದು.

ಸೇಡಂ ರಸ್ತೆ
ಹೌದು, ಪಿಜ್ಜಾ ಒಂದು ತುಂಡು ತಿಂದ. ಪಿಜ್ಜಾ ಎರಡಕ್ಕೆ 640, ಫ್ರೈಸ್ 200.

ಶಹಾಬಾದ್ ಕಲ್ಲು
ಹಾಗಾದರೆ ಹಂಚಿಕೊಂಡದ್ದು 840, ಆರಕ್ಕೆ ತಲಾ 140. ಅವರ ಪಾಲು 360, ತೆರಿಗೆ ಸೇರಿ 378. ಆದರೂ 577ಕ್ಕೂ 378ಕ್ಕೂ 199 ರೂಪಾಯಿ ವ್ಯತ್ಯಾಸ. ಅಷ್ಟು ದುಡ್ಡಿಗೆ ನಮ್ಮೂರಲ್ಲಿ ಹೊಟ್ಟೆ ತುಂಬ ಒಂದು ಊಟ ಆಗುತ್ತದೆ.

ಆಳಂದ ನಾಕಾ
199 ರೂಪಾಯಿಗೆ ಇಷ್ಟು ದೊಡ್ಡ ಚರ್ಚೆಯೇ? ಒಂದು ಸಲ ಅವನಿಗೆ ಹೆಚ್ಚಾಗುತ್ತದೆ, ಇನ್ನೊಂದು ಸಲ ನನಗೆ ಹೆಚ್ಚಾಗುತ್ತದೆ. ಕೊನೆಗೆ ಸಮವಾಗುತ್ತದೆ. ನಾವು ಹತ್ತಾರು ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ.

ತೊಗರಿ ನಾಡು
@ಆಳಂದ ನಾಕಾ ಎಲ್ಲರ ಗಳಿಕೆ ಒಂದೇ ಆಗಿದ್ದರೆ ಸಮವಾಗುತ್ತದೆ. ಕಡಿಮೆ ಗಳಿಸುವವನು ಪ್ರತಿ ಸಲ ಕಡಿಮೆಯದನ್ನೇ ತೆಗೆದುಕೊಳ್ಳುತ್ತಾನೆ, ಪ್ರತಿ ಸಲ ಹೆಚ್ಚೇ ಕೊಡುತ್ತಾನೆ. ಸಮವಾಗುವುದು ಎಲ್ಲಿಂದ ಬಂತು? ಇನ್ನೊಂದು, ಆರು ಪಾಲು ಎಂದು ಮೊದಲೇ ಗೊತ್ತಿದ್ದರೆ ಕೈ ಸಡಿಲವಾಗುತ್ತದೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಐದು ಮಾಕ್‌ಟೇಲ್ ಬಂದದ್ದು ಹಾಗೆಯೇ.

ಕಲಿಸುವವಳು
ನಾನೂ ಅತಿಥಿ ಉಪನ್ಯಾಸಕಿ, ಯಾದಗಿರಿ ಜಿಲ್ಲೆಯಲ್ಲಿ. ಇಲ್ಲಿ ಬರೆಯುವ ಅಭ್ಯಾಸವಿಲ್ಲ, ಆದರೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮದು ಸಂಬಳವಲ್ಲ, ಗೌರವಧನ. ಅದೂ ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಎಂದು ನಂಬುವಂತಿಲ್ಲ. ಕೆಲವೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಕಾಲೇಜಿಗೆ ದೀರ್ಘ ರಜೆ ಇದ್ದಾಗ ಅದೂ ಇಲ್ಲ. ಊರವರ ಕಣ್ಣಿಗೆ ಮಾತ್ರ ನಾವು 'ಲೆಕ್ಚರರ್'. ಹಾಗಾಗಿ 'ನನ್ನ ಹತ್ತಿರ ಇಲ್ಲ' ಎಂದು ಬಾಯಿಬಿಟ್ಟು ಹೇಳುವುದು ಕೂಲಿ ಮಾಡುವವರಿಗಿಂತ ನಮಗೆ ಕಷ್ಟ. ನಿಮ್ಮ ಗೆಳೆಯ 577 ಹಾಕಿದ್ದು ಆ ಕಾರಣಕ್ಕೆ. ಮತ್ತೆ ಬರದೇ ಇರುವುದೂ ಅದೇ ಕಾರಣಕ್ಕೆ.

'ನಿನ್ನದನ್ನು ನಾವು ಕೊಡುತ್ತೇವೆ ಬಾ' ಎಂದು ದಯವಿಟ್ಟು ಹೇಳಬೇಡಿ. ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಈ ವಿಷಯ ಎತ್ತಲೂ ಬೇಡಿ. ನನ್ನ ಗೆಳತಿಯರು ಏನು ಮಾಡುತ್ತಾರೆ ಎಂದರೆ, ಎಲ್ಲಿಗೆ ಹೋಗುವುದು ಎಂದು ಮೊದಲು ನನ್ನನ್ನೇ ಕೇಳುತ್ತಾರೆ. ನಾನು ಹೇಳಿದ ಕಡೆಗೆ ಎಲ್ಲರೂ ಬರುತ್ತಾರೆ. ಯಾಕೆ ಅಲ್ಲಿಗೇ ಎಂದು ಒಬ್ಬಳೂ ಕೇಳುವುದಿಲ್ಲ. ಕೆಲವು ಸಲ ನನ್ನ ಮನೆಗೆ ಬಂದು ರೊಟ್ಟಿ ಊಟ ಮಾಡಿಕೊಂಡು ಹೋಗುತ್ತಾರೆ. ಕರೆಯುವ ಸರದಿ ನನಗೂ ಬರುತ್ತದೆ. ಅದರ ಬೆಲೆ ಎಷ್ಟೆಂದು ನನಗೆ ಗೊತ್ತು.

ತೊಗರಿ ನಾಡು
ಮೇಡಂ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಆಳಂದ ನಾಕಾ
ಮೇಡಂ, ನಿಮ್ಮ ಮಾತು ಒಪ್ಪಿದೆ. ಆದರೂ ತಲಾ ಲೆಕ್ಕ ಹಾಕುವುದು ನನಗೆ ಒಗ್ಗುವುದಿಲ್ಲ. ಗಳಿಸುವವರು ಹೆಚ್ಚು ಕೊಡಲಿ, ಅದನ್ನು ಯಾರಿಗೂ ಗೊತ್ತಾಗದ ಹಾಗೆ ಕೌಂಟರಿಗೆ ಹೋಗಿ ಕೊಟ್ಟು ಬರಲಿ. ನಮ್ಮ ಕಾಲದಲ್ಲಿ ಒಬ್ಬ ಕೈ ತೊಳೆಯಲು ಎದ್ದನೆಂದರೆ ಬಿಲ್ ಕೊಡಲು ಹೋದ ಎಂದೇ ಅರ್ಥ.

ಬಹಮನಿ ಕೋಟೆ
ಕೌಂಟರಿಗೆ ಓಡಿ ಕೊಡುವುದು ಹೋಟೆಲಿನಲ್ಲಿ ಸರಿ ಕಾಕಾ. ಈ ಕೆಫೆಗಳಲ್ಲಿ ಬಿಲ್ಲನ್ನು ಕಪ್ಪು ಫೋಲ್ಡರಿನಲ್ಲಿಟ್ಟು ಟೇಬಲಿನ ನಡುವೆ ತಂದಿಡುತ್ತಾರೆ. ಎಲ್ಲರ ಕಣ್ಣೂ ಅಲ್ಲೇ.

ಸ್ಟೇಷನ್ ಏರಿಯಾ ಅಕ್ಕ
ನಮ್ಮದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸರ ಗುಂಪು. ನಾನು, ಇನ್ನೊಬ್ಬರು ಶುದ್ಧ ಸಸ್ಯಾಹಾರಿಗಳು. ಶ್ರಾವಣದಲ್ಲಿ ಸೋಮವಾರದ ಉಪವಾಸವೂ ಇರುತ್ತದೆ. ಮೊದಲು ನಾವೂ ಸಮನಾಗಿ ಹಂಚುತ್ತಿದ್ದೆವು. ಮಟನ್ ರೋಗನ್ ಜೋಶಿಗೆ ನಾನು ಪಾಲು ಕೊಡುವುದು ಯಾವ ನ್ಯಾಯ? ಒಂದು ದಿನ ಕೇಳಿಯೇಬಿಟ್ಟೆ. ಆಮೇಲೆ ಒಂದು ಕ್ರಮಕ್ಕೆ ಬಂದೆವು: ಅವರವರು ಹೇಳಿದ್ದು ಅವರವರಿಗೆ, ನಡುವೆ ಇಟ್ಟದ್ದು ಎಲ್ಲರಿಗೆ. ಇದಲ್ಲದೆ ತಿಂಗಳಿಗೆ ತಲಾ 200 ಒಬ್ಬರ ಹತ್ತಿರ ಹಾಕುತ್ತೇವೆ, ಹುಟ್ಟುಹಬ್ಬ, ವರ್ಗಾವಣೆಯ ಊಟವೆಲ್ಲ ಅದರಲ್ಲಿ. ಜಗಳ ನಿಂತಿದೆ.

ಜೇವರ್ಗಿ ಕ್ರಾಸ್
ಅಕ್ಕಾ, ರೋಗನ್ ಜೋಶ್ ಬದಲು ನಮ್ಮ ಊರಿನ ತಹರಿ ತಿನ್ನಲು ಹೇಳಿ ಅವರಿಗೆ. ಬೆಳಿಗ್ಗೆ ಎದ್ದು ಹೋದರೆ ಬಿಸಿ ಬಿಸಿ ಸಿಗುತ್ತದೆ, ಬಿಲ್ ಹಂಚುವ ಪ್ರಶ್ನೆಯೇ ಬರುವುದಿಲ್ಲ.

ಚೌಬಾರಾ ಬೀದರ್
ತಹರಿ ತಿಂದು ಮೇಲೆ ಇರಾನಿ ಚಹಾ.

ಬಹಮನಿ ಕೋಟೆ
ರಂಜಾನಿನಲ್ಲಿ ಬಂದರೆ ಮಾಲಪುರಿ. ಅದನ್ನು ಬಿಟ್ಟು ಮಾತಾಡಬೇಡಿ.

ಕಾಫಿ ಮಷಿನ್
ಬೀದರಿನಲ್ಲಿ ಸಣ್ಣ ಕೆಫೆ ನಡೆಸುತ್ತೇನೆ. ನಾನು ಸೇವಾ ಶುಲ್ಕ ಹಾಕುವುದಿಲ್ಲ, ಹಾಕುವುದು ತಪ್ಪು ಎಂದೇ ಹೇಳುತ್ತೇನೆ. ಆದರೆ ನಮ್ಮ ಕಡೆಯದನ್ನೂ ಕೇಳಿ.

2017ರ ನವೆಂಬರ್ 15ರಿಂದ ನಮ್ಮಂಥ ಹೋಟೆಲುಗಳಿಗೆ ಶೇಕಡ 5 ಜಿಎಸ್‌ಟಿ. ಗಿರಾಕಿಗೆ ಅನುಕೂಲವಾಯಿತು, ಸಂತೋಷ. ಆದರೆ ನಮಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಕಾಫಿ ಯಂತ್ರಕ್ಕೆ, ಚೀಸಿಗೆ, ಪ್ಯಾಕಿಂಗ್ ಡಬ್ಬಿಗೆ ಕಟ್ಟಿದ ತೆರಿಗೆ ಹಾಗೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಎಸಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಓಡಬೇಕು. ಒಂದು ಕೋಲ್ಡ್ ಕಾಫಿ ತೆಗೆದುಕೊಂಡು ನಾಲ್ವರು ಮೂರು ತಾಸು ಕೂರುತ್ತಾರೆ. ಎಬ್ಬಿಸಲು ಮನಸ್ಸು ಬರುವುದಿಲ್ಲ, ಅವರೂ ನಮ್ಮ ಊರಿನ ಮಕ್ಕಳೇ. ಇದೆಲ್ಲ ಖರ್ಚನ್ನು ನಾನು ಮೆನುವಿನ ಬೆಲೆಯಲ್ಲೇ ಸೇರಿಸಿದ್ದೇನೆ. ಗಿರಾಕಿಗೆ ಕೂರುವ ಮೊದಲೇ ಬೆಲೆ ಗೊತ್ತಾಗಬೇಕು. ಎದ್ದ ಮೇಲೆ ಅಲ್ಲ.

ಶಹಾಬಾದ್ ಕಲ್ಲು
@ಕಾಫಿ ಮಷಿನ್ ಒಪ್ಪಿದೆ. ಆದರೆ ಕೆಲವರು ಕಾಂಪೊಸಿಷನ್ ಯೋಜನೆಯಲ್ಲಿದ್ದುಕೊಂಡು ಗಿರಾಕಿಯಿಂದಲೂ ಜಿಎಸ್‌ಟಿ ಎಂದು ವಸೂಲಿ ಮಾಡುತ್ತಾರೆ. ಅದರ ಬಗ್ಗೆ ಹೇಳಿ.

ಕಾಫಿ ಮಷಿನ್
ಅದು ಶುದ್ಧ ಮೋಸ. ವರ್ಷದ ವಹಿವಾಟು 1.5 ಕೋಟಿಯೊಳಗೆ ಇರುವವರು ಆ ಯೋಜನೆಗೆ ಹೋಗಬಹುದು. ಆಗ ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಪಡೆಯುವಂತಿಲ್ಲ. ತಾವು ಕಾಂಪೊಸಿಷನ್ ತೆರಿಗೆದಾರರು ಎಂದು ಅಂಗಡಿಯ ಬೋರ್ಡಿನಲ್ಲೂ ಬಿಲ್ಲಿನ ಮೇಲ್ಭಾಗದಲ್ಲೂ ಬರೆದಿರಬೇಕು. ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾವ ಬಗೆಯ ನೋಂದಣಿ ಎಂದು ತೋರಿಸುತ್ತದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ.

ಭೀಮಾ ದಂಡೆ
ನೀರಿನ ಬಾಟಲಿಗೂ ಎಂಆರ್‌ಪಿಗಿಂತ ಹೆಚ್ಚು ಹಾಕುತ್ತಾರೆ. ಅದಕ್ಕೂ 1915ಕ್ಕೆ ಹೇಳಬಹುದೇ?

ನ್ಯಾಯ ಕೇಳುವವ
ಕೂತು ತಿನ್ನುವ ಕಡೆ ಅದು ಕಷ್ಟ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಪರವಾಗಿ ತೀರ್ಪು ಕೊಟ್ಟಿದೆ. ಬಾಟಲಿ ಬೇಡ, ಕುಡಿಯುವ ನೀರು ಕೊಡಿ ಎಂದು ಕೇಳಿ.

ಬ್ರಹ್ಮಪುರದ ಹುಡುಗಿ
ಬೆಲೆಯ ಮಾತು ಆಯಿತು, ಬಣ್ಣದ ಮಾತೂ ಆಗಲಿ. ಕೆಲವು ಕಡೆ ಗೋಬಿ ಮಂಚೂರಿ ತಿಂದರೆ ಬೆರಳು ಇನ್ನೂ ಕೆಂಪಾಗುತ್ತದೆ. 2024ರ ಮಾರ್ಚಿನಲ್ಲೇ ರಾಜ್ಯ ಸರ್ಕಾರ ಗೋಬಿಯಲ್ಲಿ, ಬಾಂಬೆ ಮಿಠಾಯಿಯಲ್ಲಿ ರೊಡಮೈನ್-ಬಿ ಬಣ್ಣ ನಿಷೇಧಿಸಿತು, ಜೂನಿನಲ್ಲಿ ಕಬಾಬಿಗೂ ಕೃತಕ ಬಣ್ಣ ಬೇಡ ಎಂದಿತು. ಬಿಲ್ ನೋಡುವಷ್ಟೇ ತಟ್ಟೆಯನ್ನೂ ನೋಡಿ.

ಟ್ರೇ ಹಿಡಿದವನು
ನಮ್ಮ ಅಡುಗೆಯವರು ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕುತ್ತಾರೆ. ಬಣ್ಣ ಅಷ್ಟು ಹೊಳೆಯುವುದಿಲ್ಲ, ಗಿರಾಕಿಗಳು 'ಸಪ್ಪಗಿದೆ' ಎಂದು ತಿನ್ನುವ ಮೊದಲೇ ಹೇಳುತ್ತಾರೆ. ಅದನ್ನೂ ಸ್ವಲ್ಪ ಯೋಚಿಸಿ.

ಹಳೇ ಗುಲಬರ್ಗಾ
ನಿಮ್ಮ ಚರ್ಚೆ ಪೂರ್ತಿ ಓದಿದೆ. ನನಗೆ ಒಂದೇ ಪ್ರಶ್ನೆ. ಖಾನಾವಳಿಗೆ ಯಾಕೆ ಹೋಗುವುದಿಲ್ಲ? ಕೂತ ತಕ್ಷಣ ತಟ್ಟೆಗೆ ಹಸಿ ಉಳ್ಳಾಗಡ್ಡಿ, ಸೌತೆ, ಮೆಂತ್ಯೆ ಸೊಪ್ಪು ಬೀಳುತ್ತದೆ. ಒಂದು ಕಡೆ ಶೇಂಗಾ ಹಿಂಡಿ, ಅದರ ಮೇಲೆ ಮೊಸರು. ಎಣ್ಣೆಗಾಯಿ, ಪುಂಡಿ ಪಲ್ಯ, ಬೇಳೆ. ಬಿಸಿ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ತಂದು ಹಾಕುತ್ತಾರೆ, ಬೇಡ ಎಂದು ಕೈ ಅಡ್ಡ ಇಟ್ಟರೂ ಬಿಡುವುದಿಲ್ಲ. ಎಲ್ಲರದೂ ಒಂದೇ ಊಟ, ಒಂದೇ ದರ. ಅಲ್ಲಿ ಸಮನಾಗಿ ಹಂಚಿದರೆ ಯಾರಿಗೂ ಅನ್ಯಾಯವಿಲ್ಲ. 2019ರಲ್ಲಿ ನಮ್ಮ ತೊಗರಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಅದರ ಬೇಳೆ ಬಿಟ್ಟು ಬಿಳಿ ಸಾಸಿನ ಪಾಸ್ತಾಕ್ಕೆ 280 ಕೊಡುವುದು ನನಗೆ ಅರ್ಥವಾಗುವುದಿಲ್ಲ.

ಬಹಮನಿ ಕೋಟೆ
ಕಾಕಾ, ಖಾನಾವಳಿಯಲ್ಲಿ ಉಂಡು ಏಳಬೇಕು. ಹಿಂದೆ ಜನ ನಿಂತಿರುತ್ತಾರೆ. ವರ್ಷಕ್ಕೊಮ್ಮೆ ಸಿಗುವ ಗೆಳೆಯರಿಗೆ ಎರಡು ತಾಸು ಕೂತು ಮಾತಾಡಲು ಜಾಗ ಬೇಕು. ಕೆಫೆಯಲ್ಲಿ ನಾವು ದುಡ್ಡು ಕೊಡುವುದು ಆ ಕುರ್ಚಿಗೆ.

ಸ್ಟೇಷನ್ ಏರಿಯಾ ಅಕ್ಕ
ಹೆಂಗಸರಿಗೆ ಇದು ಇನ್ನೂ ದೊಡ್ಡ ಮಾತು. ಹತ್ತು ವರ್ಷದ ಹಿಂದೆ ಈ ಊರಿನಲ್ಲಿ ನಾಲ್ವರು ಹೆಂಗಸರು ಸಂಜೆ ಏಳಕ್ಕೆ ಎಲ್ಲಿ ಕೂರಬೇಕಿತ್ತು? 'ಫ್ಯಾಮಿಲಿ ರೂಂ' ಎಂದು ಪರದೆ ಹಾಕಿದ ಮೂಲೆಯಲ್ಲಿ. ಈಗ ಕಿಟಕಿ ಪಕ್ಕ ಕೂತು ನಗುತ್ತೇವೆ, ಯಾರೂ ತಿರುಗಿ ನೋಡುವುದಿಲ್ಲ. ಕೆಫೆಗಳು ಬೇಕು. ಬಿಲ್ ಮಾತ್ರ ಪ್ರಾಮಾಣಿಕವಾಗಿರಬೇಕು.

ಭೀಮಾ ದಂಡೆ
ಹಾಡಿನ ಸದ್ದೂ ಕಡಿಮೆಯಾಗಬೇಕು. ಎದುರಿಗೆ ಕೂತವರ ಮಾತು ಕೇಳುವುದಿಲ್ಲ.

ಕಾಫಿ ಮಷಿನ್
@ಹಳೇ ಗುಲಬರ್ಗಾ ಕಾಕಾ, ನಾನು ಖಡಕ್ ರೊಟ್ಟಿಯನ್ನು ಮುರಿದು ತುಂಡು ಮಾಡಿ, ಗಟ್ಟಿ ಮೊಸರು, ಅಗಸಿ ಹಿಂಡಿ, ಮೇಲೆ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಹಾಕಿ 90 ರೂಪಾಯಿಗೆ ಕೊಡುತ್ತೇನೆ. ಕಾಲೇಜು ಹುಡುಗರು ಫ್ರೈಸ್ ಬಿಟ್ಟು ಅದನ್ನು ಕೇಳುತ್ತಾರೆ. ನಡುವೆ ಇಟ್ಟು ನಾಲ್ವರು ತಿನ್ನಬಹುದು. ಬೀದರಿಗೆ ಬಂದಾಗ ಬನ್ನಿ.

ಹಳೇ ಗುಲಬರ್ಗಾ
ಅಗಸಿ ಹಿಂಡಿಗೆ ಬೆಳ್ಳುಳ್ಳಿ ಹಾಕುತ್ತೀಯಾ ತಮ್ಮಾ?

ಕಾಫಿ ಮಷಿನ್
ಹಾಕದೆ ಹೇಗೆ ಕಾಕಾ.

ಸೇಡಂ ರಸ್ತೆ
ಎಲ್ಲರಿಗೂ ಧನ್ಯವಾದ. ಕಲಿಸುವವಳು ಮೇಡಂ ಬರೆದದ್ದನ್ನು ನಾಲ್ಕು ಸಲ ಓದಿದೆ. ಇವತ್ತು ಮಧ್ಯಾಹ್ನ ಗೆಳೆಯನಿಗೆ ಗುಂಪಿನಲ್ಲಿ ಅಲ್ಲದೆ ನೇರವಾಗಿ ಫೋನ್ ಮಾಡಿದೆ. ಬಿಲ್ಲಿನ ಮಾತು ಎತ್ತಲಿಲ್ಲ. 'ಬೆಂಗಳೂರಿನವರು ಬರುತ್ತಿದ್ದಾರೆ, ಎಲ್ಲಿ ಕೂರೋಣ, ನೀನೇ ಹೇಳು' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಶರಣಬಸವೇಶ್ವರ ಗುಡಿಯ ಕಡೆಯ ಒಂದು ಖಾನಾವಳಿಯ ಹೆಸರು ಹೇಳಿದ. ಊಟ ಮುಗಿಸಿ ಅಪ್ಪನ ಕೆರೆಯ ಹತ್ತಿರ ಕೂತು ಮಾತಾಡಬಹುದು ಎಂದೂ ಅವನೇ ಹೇಳಿದ. ಭಾನುವಾರ ರಾತ್ರಿ ಎಂದು ಇಟ್ಟುಕೊಂಡಿದ್ದೇವೆ.

ಬೆಂಗಳೂರಿನವನಿಗೆ ಬೇರೆ ಹೇಳಿದ್ದೇನೆ, ಮುಂದೆ ಕೆಫೆಗೆ ಹೋದರೆ ಅವರವರದು ಅವರವರಿಗೆ, ನಡುವೆ ಇಟ್ಟದ್ದು ಎಲ್ಲರಿಗೆ ಎಂದು. ಒಪ್ಪಿದ. 1915ಕ್ಕೂ ಕರೆ ಮಾಡಿ ಬಿಲ್ಲಿನ ಫೋಟೊ ಕಳಿಸಿದ್ದೇನೆ.

ಆಳಂದ ನಾಕಾ
ಖಾನಾವಳಿಯಲ್ಲಾದರೂ ಒಬ್ಬನೇ ಕೊಡಲಿ ಮಾರಾಯರೇ. ಆರು ಜನ ಆರು ಸಲ ಕ್ಯೂಆರ್ ಸ್ಕ್ಯಾನ್ ಮಾಡಬೇಡಿ.

ಕಲಿಸುವವಳು
ಕೊಡುವವನು ಅವನೇ ಆಗಲು ಬಯಸಿದರೆ ತಡೆಯಬೇಡಿ.

ಟ್ರೇ ಹಿಡಿದವನು
ಬಡಿಸುವವರಿಗೆ ಹತ್ತೋ ಇಪ್ಪತ್ತೋ ಕೈಯಲ್ಲೇ ಕೊಡಿ. ಮೊಬೈಲಿನಲ್ಲಿ ಹಾಕಿದರೆ ಮಾಲೀಕರ ಖಾತೆಗೆ ಹೋಗುತ್ತದೆ.

ಹಳೇ ಗುಲಬರ್ಗಾ
ತಮ್ಮಾ, ಭಾನುವಾರ ರಾತ್ರಿ ಆ ಕಡೆಯ ಖಾನಾವಳಿಗಳು ಎಲ್ಲವೂ ತೆರೆದಿರುವುದಿಲ್ಲ. ಮಧ್ಯಾಹ್ನಕ್ಕೆ ಬದಲಾಯಿಸು, ಒಂದು ಗಂಟೆಯೊಳಗೆ ಹೋಗಿರಿ. ಎರಡರ ಮೇಲೆ ಪುಂಡಿ ಪಲ್ಯ ಉಳಿಯುವುದಿಲ್ಲ.